ಕೆಟಲಿನ ಮೇಲಿನ ಹೆಸರು

ಮೈಸೂರು, ೧೬ ನವೆಂಬರ್ ೧೯೬೩, ಶನಿವಾರ ಸಂಜೆ. ಅಮ್ಮ ಅಡುಗೆಮನೆಯಲ್ಲಿ ಕಾಫಿಬೀಜ ಹುರಿಯುತ್ತಿದ್ದಾಳೆ.

ತಂಗಿ ಪುಷ್ಪಮೇರಿ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನು ಅರ್ಧ ಓದಿ ಬಿಟ್ಟುಹೋದ ಆ ಬಂಗಾಳಿ ಕಾದಂಬರಿಯ ಅನುವಾದದೊಳಗೆ ಇಡುತ್ತೇನೆ.

ಅಮ್ಮನ ಕೈ ಈಗ ನಡುಗುತ್ತದೆ. ಚೊಂಬಿನಿಂದ ಬಿಸಿನೀರು ದಬಕ್ಕನೆ ಬಿದ್ದು ಫಿಲ್ಟರಿನ ಪುಡಿಯಲ್ಲಿ ಗುಳಿಯಾಗುತ್ತಿತ್ತು, ಡಿಕಾಕ್ಷನ್ ತೆಳ್ಳಗಾಗುತ್ತಿತ್ತು. ಅದಕ್ಕೇ ಇವತ್ತು ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಕೆಟಲ್ ಕೊಂಡೆ. ಒಂದೊಂದಕ್ಕೂ ನೀರು ತುಂಬಿಸಿ ಬಗ್ಗಿಸಿ ನೋಡಿ, ಸಣ್ಣ ಧಾರೆ ಬರುವ, ಕೊನೆಯ ಹನಿ ಮೂತಿಯ ಕೆಳಗೆ ಜಾರದ ಒಂದನ್ನು ಆರಿಸಿದೆ.

“ಹೆಸ್ರು ಏನಂತ ಕೊರೀಲಿ, ಟೀಚರಮ್ಮ?” ಎಂದ ಅಂಗಡಿಯವನು. ಅಮ್ಮನ ಹೆಸರು ಹೇಳಬೇಕೆಂದಿದ್ದವಳು ನಿನ್ನದನ್ನು ಹೇಳಿದೆ. ನೀನು ಮನೆಯವರ ಮಾತು ಮೀರಿ ಚೆಲುವರಾಜುವನ್ನು ಮದುವೆಯಾಗಿ ಮಂಡಕಳ್ಳಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರು ಅದು.

ಓದು ಬಾರದ ಅಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿ, “ಏನೇ ಬರೆಸಿದ್ದೀಯ?” ಎಂದಳು. ಓದಿ ಹೇಳಿದೆ. ಅವಳು ನೀರು ಕಾಯಿಸಿ, ಪುಡಿಯ ಮೇಲೆ ಸುತ್ತಲೂ ನಿಧಾನವಾಗಿ ಸುರಿದಳು. ಡಿಕಾಕ್ಷನ್ ಗಟ್ಟಿಯಾಗಿ ಇಳಿಯಿತು. ಕಾಫಿ ಕುಡಿದಾದ ಮೇಲೆ ಕೆಟಲನ್ನು ತೊಳೆದು, ಒರೆಸಿ, ನನ್ನ ಮುಂದಿಟ್ಟಳು.

“ಮದುವೆಮನೇಲಿ ಪಾತ್ರೆ ಬೆರೆತೋದ್ರೆ ಹೆಸ್ರು ನೋಡಿ ತಾನೆ ಅವರವರ ಮನೇಗ್ ಕಳಿಸೋದು? ನಂಗೆ ಚೊಂಬೇ ಸಾಕು ಕಣೇ.”

ನಾಳೆ ಚರ್ಚಿನಿಂದ ನೇರವಾಗಿ ಕೆಟಲ್ ತೆಗೆದುಕೊಂಡು ಮಂಡಕಳ್ಳಿಗೆ, ನಿನ್ನ ಮನೆಗೆ ಬರುವುದೆಂದು ನಿಶ್ಚಯಿಸಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಹುರಿಯುತ್ತಿರುವ ಬೀಜ ಮಾತ್ರ ನಮ್ಮಿಬ್ಬರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿದೆ.