ಲರೇನ್‌ಳ ಶನಿವಾರದ ಚೀಟಿ

ಸೇಂಟ್ ಲೂಯಿಸ್
ಮೇ ೧೨, ೧೯೫೯

ಟೆಲಿವಿಷನ್ ಕೇಂದ್ರದ ಮ್ಯಾನೇಜರ್ ಸಾಹೇಬರಿಗೆ ವರ್ನೀಸ್ ಟಿಲ್‌ಮನ್ ಮಾಡುವ ನಮಸ್ಕಾರಗಳು.

ನಮ್ಮ ಚರ್ಚಿನವರು ಕುಣಿತವನ್ನು ಒಪ್ಪುವುದಿಲ್ಲ, ನನಗೂ ಮನಸ್ಸಿರಲಿಲ್ಲ. ಆದರೂ ನನ್ನ ಮಗಳು ಲರೇನ್ ಹಟ ಹಿಡಿದಳೆಂದು ಲಂಗಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ, ಮೊನ್ನೆ ಶನಿವಾರ ನಿಮ್ಮ ಹಾಡು ಕುಣಿತದ ಕಾರ್ಯಕ್ರಮಕ್ಕೆ ಕಳಿಸಿದೆ. ನೀವೇ ಅಂಚೆಯಲ್ಲಿ ಕಳಿಸಿದ ಪ್ರವೇಶದ ಚೀಟಿ ಅವಳ ಕೈಯಲ್ಲಿತ್ತು. ನಿಮ್ಮ ಅರ್ಜಿಯಲ್ಲಿ ಮೈಬಣ್ಣ ಕೇಳಿರಲಿಲ್ಲ, ಅವಳೂ ಬರೆದಿರಲಿಲ್ಲ.

ಬಾಗಿಲು ಕಾಯುವವನು, "ಕರಿಯರ ಸರದಿ ತಿಂಗಳ ಮೊದಲ್ನೇ ಗುರುವಾರ ಕಣಮ್ಮಾ, ಇವತ್ತಲ್ಲ, ನಡಿ" ಎಂದನಂತೆ.

ಹಿಂದೆ ನಿಂತಿದ್ದ ಬಿಳಿಯರ ಹುಡುಗಿ ಪೆಗ್ಗಿ ಸುಮ್ಮನಿರಲಿಲ್ಲ. "ಹೋದ್ವಾರ ನಾವು ಟೀವೀಲಿ ಕುಣಿದ್ವಲ್ಲ, ಆ ಹೆಜ್ಜೆ ಬಸ್‌ಸ್ಟಾಪಲ್ಲಿ ಕಲಿಸ್ದೋಳೇ ಇವ್ಳು! ಈ ವಾರ ಹೊಸದನ್ನ ನೀವ್ ಬಂದು ಕಲಿಸ್ತೀರಾ ಸಾರ್?" ಎಂದು ತನ್ನ ಚೀಟಿಯನ್ನೂ ಹಿಂದಿರುಗಿಸಿದಳು. ಇನ್ನೂ ಆರು ಮಕ್ಕಳು ಹಾಗೇ ಮಾಡಿ, ಎಲ್ಲರೂ ನಮ್ಮ ಮನೆಗೆ ಬಂದರು. ಊಟದ ಮೇಜನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಟ್ಟೆ. ಕರ್ತನು ಕ್ಷಮಿಸಲಿ, ನನ್ನ ಕಾಲೂ ತಾಳ ಹಾಕಿತು.

ಬರುವ ಶನಿವಾರ ಈ ಎಂಟೂ ಮಕ್ಕಳು ಒಟ್ಟಿಗೆ ನಿಮ್ಮ ಬಾಗಿಲಿಗೆ ಬರುತ್ತಾರೆ, ಜೊತೆಗೆ ನಾನೂ ಬರುತ್ತೇನೆ. ನನಗೆ ಮೊಣಕಾಲು ನೋವು. ದಯವಿಟ್ಟು ಒಂದು ಕುರ್ಚಿ ಹಾಕಿಸಿಡಿ, ಒಳಗಡೆ.

ನಿಮ್ಮ ಮನೆಯ ಮಕ್ಕಳಿಗೂ ಒಳ್ಳೆಯದಾಗಲೆಂದು ಪ್ರಾರ್ಥಿಸುವ,
ವರ್ನೀಸ್ ಟಿಲ್‌ಮನ್