ಉಗುಳಿದ ಗುಳಿಗೆ

ಆಯೀ,

ನಿನಗೊಂದು ವಿಷಯ ಹೇಳದೆಯೇ ಕಳಿಸಿಕೊಟ್ಟೆ. ಹೇಸಿಗೆಯ ವಿಷಯ.

ಉಮ್ಮಚಗಿಯ ಮದುವೆ ನೆನಪಿದೆಯಾ? ನಿನ್ನ ಕಿಡ್ನಿ ನನಗೆ ಹಾಕಿ ಏಳೆಂಟು ತಿಂಗಳಾಗಿತ್ತು. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಎಲ್ಲರೆದುರೇ ಕೇಳಿದಳು, "ಮುಖ ಎಂತಕ್ಕೆ ಹಿಂಗೆ ಊದ್ಕಂಜು ಕೂಸೆ?" ಪಕ್ಕದವಳು, "ಸ್ಟಿರಾಯ್ಡು" ಎಂದು ಪಿಸುಗುಟ್ಟಿ ನಕ್ಕಳು. ಥೂ, ಎಂಥ ಜನ! ಆದರೆ ಅವರಿಗಿಂತ ಅಸಹ್ಯ ನಾನು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ನೀನು ಎಂದಿನಂತೆ ಗುಳಿಗೆಗಳನ್ನು ನನ್ನ ಅಂಗೈಗೆ ಹಾಕಿದೆ. ನಾನು ಬೇರೆಯವನ್ನೆಲ್ಲ ನುಂಗಿದೆ. ಐದು ಮಿಲಿಗ್ರಾಮಿನ ಆ ಪುಟ್ಟ ಸ್ಟಿರಾಯ್ಡ್ ಗುಳಿಗೆಯನ್ನು ಮಾತ್ರ ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗುಳಿದೆ. ಹೀಗೆ ಎರಡು ತಿಂಗಳು. ನಿನ್ನ ಕಣ್ಣೆದುರೇ, ನಿನ್ನ ಕೈಯಿಂದಲೇ ಇಸಿದುಕೊಂಡು...

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಕ್ರಿಯೇಟಿನಿನ್ ಏರಿದೆ, ಕಿಡ್ನಿ ಸೋಲುತ್ತಿದೆ ಎಂದಾಗ ಡಾಕ್ಟರು ನನ್ನನ್ನೇ ಕೇಳಿದರು, "ಗುಳಿಗೆ ತಪ್ಪಿಸಿದ್ದೀರಾ?" ಉತ್ತರ ಕೊಟ್ಟಿದ್ದು ನೀನು: "ಒಂದು ದಿನವೂ ಇಲ್ಲ. ನಾನೇ ಕೊಡ್ತೇನೆ." ನಾನು ತಲೆಯಾಡಿಸಿದೆ. ಮೂರು ದಿನ ಇಂಜೆಕ್ಷನ್ ಕೊಟ್ಟು ಕಿಡ್ನಿ ಉಳಿಸಿದರು. ವಾಪಸು ಬರುವಾಗ, ಯಲ್ಲಾಪುರ ದಾಟಿದ ಮೇಲೆ ಬಸ್ಸಿನಲ್ಲಿ ನೀನು ಮೆಲ್ಲಗೆ ಅಂದೆ, "ಯನ್ನ ಕಿಡ್ನಿನೇ ಸರಿ ಇತ್ತಿಲ್ಲೆ ಕಾಣ್ತು ಕೂಸೆ. ಹಳೇದಲ್ದ..."

ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಬಂದವಳಂತೆ ನಟಿಸಿದೆ. ಹೆತ್ತವಳು ನೀನು, ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟವಳೂ ನೀನು. ತಪ್ಪು ಹೊತ್ತುಕೊಂಡವಳೂ ನೀನೇ. ಅಂದಿನಿಂದ ಒಂದು ಗುಳಿಗೆಯನ್ನೂ ಬಿಟ್ಟಿಲ್ಲ. ಆದರೆ ಬಾಯಿ ಬಿಡಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಅಷ್ಟರಲ್ಲಿ ನಿನಗೆ ಮಂಗನ ಕಾಯಿಲೆ ಬಂತು. ಹತ್ತು ದಿನ ಜ್ವರ, ಆಮೇಲೆ ನೀನೇ ಇರಲಿಲ್ಲ.

ಕಳೆದ ವಾರ ಡಾಕ್ಟರ ಹತ್ತಿರ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮುಖ ಊದಿಸಿದ್ದು ಮೊದಲ ತಿಂಗಳುಗಳ ದೊಡ್ಡ ಡೋಸು. ಈ ಸಣ್ಣ ಗುಳಿಗೆ ಕಿಡ್ನಿ ಕಾಯೋಕೆ ಇತ್ತು. ನೀವು ಉಗುಳಿದ್ದು ಅದನ್ನೇ" ಎಂದರು.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಇಷ್ಟೇ ಅಂದ: "ಆಯಿಗೆ ಹೇಳಕಾಗಿತ್ತು."

ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ, ಕೇಳು ಆಯಿ. ನಿನ್ನ ಕಿಡ್ನಿಯಲ್ಲಿ ಎಂಥ ಐಬೂ ಇರಲಿಲ್ಲ. ಡಾಕ್ಟರೇ ಹೇಳಿದರು, ಅಷ್ಟು ಗಟ್ಟಿ ಇದ್ದಿದ್ದಕ್ಕೇ ನನ್ನನ್ನೂ ತಡೆದುಕೊಂಡಿತಂತೆ.