ಅಮ್ಮ ಕೂರುವ ಕಡೆ

ಅಪ್ಪಾ,

ಸತ್ತವರ ಮೇಲೆ ರೇಗಬಾರದಂತೆ. ನಾನು ರೇಗುತ್ತೇನೆ. ನಿನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಬದಲಾಯಿಸಲು ಇವತ್ತು ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿದೆ. ನೀನು ಕೂರುತ್ತಿದ್ದ ಕಡೆಯವು ಕಲ್ಲಿನಂತೆ ಗಟ್ಟಿ. ಅಮ್ಮ ಕೂರುವ ಕಡೆಯವನ್ನು ಮಾತ್ರ ತಿರುಪು ಸಡಿಲಿಸಿ ಮೆತ್ತಗೆ ಮಾಡಿಟ್ಟಿದ್ದೆ ನೀನು.

ಎರಡೂ ಕಡೆ ಒಂದೇ ಅಳತೆ ಇರಬೇಕೆಂದು ಗ್ಯಾರೇಜಿನಲ್ಲಿ ಎಲ್ಲರ ತಲೆ ತಿಂದವನು ನೀನು! ತಿರುವಿನಲ್ಲಿ ಕಾರು ವಾಲುವುದನ್ನು ಕಂಡು ನಾನು ಗಿರಾಕಿಗಳ ಮುಂದೆಯೇ, "ನಿನ್ ಕೈಲಿ ಇನ್ನು ಆಗಲ್ಲಪ್ಪ, ಮನೇಲಿರು" ಎಂದುಬಿಟ್ಟೆ. ಆಗಲಾದರೂ ಬಾಯಿ ಬಿಡಬಾರದಿತ್ತೇ? ಅಮ್ಮನ ಸೊಂಟನೋವಿಗಾಗಿ ಹೀಗೆ ಮಾಡಿದ್ದೇನೆ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೀನು ಕೈ ಒರೆಸಿಕೊಂಡು ಹೋದವನು ಮತ್ತೆ ಗ್ಯಾರೇಜಿಗೆ ಕಾಲಿಡಲೇ ಇಲ್ಲ.

ಹೊಸವನ್ನು ಹಾಕಿ, ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಬಂದೆ. ಈಗ ಕಾರು ತಿರುವಿನಲ್ಲಿ ವಾಲುವುದಿಲ್ಲ, ಹಳ್ಳದಲ್ಲಿ ಕುಕ್ಕುವುದೂ ಇಲ್ಲ. ಹೇಗಿದೆ ಎಂದು ಕೇಳಿದೆ.

"ಚೆನ್ನಾಗಿದೆ. ಮುಂಚೆನೂ ಎಲ್ಲಿ ಕುಕ್ತಿತ್ತು? ನಿಮ್ಮಪ್ಪ ಮಾತ್ರ ಪ್ರತಿ ಹಳ್ಳಕ್ಕೂ ಅಯ್ಯೋ ಅಂತಿದ್ರು. ಎಂಥ ನಾಜೂಕು ಮನುಷ್ಯ ಅಂತ ನಗ್ತಿದ್ದೆ."

ಅವಳಿಗೂ ಹೇಳಿರಲಿಲ್ಲ ನೀನು! ನಾನೂ ಹೇಳಲಿಲ್ಲ. ಹೇಳಿದ್ದರೆ, ಅವತ್ತು ಗ್ಯಾರೇಜಿನಲ್ಲಿ ನಿನಗೆ ಅಂದದ್ದನ್ನೂ ಹೇಳಬೇಕಾಗುತ್ತಿತ್ತು.